ತೂಕದ ಮುಳ್ಳು ಅಲ್ಲಾಡುತ್ತಿಲ್ಲ ಅಂದೆಯಲ್ಲ, ಅದಕ್ಕೆ ಈ ಪತ್ರ

ಮಾರಾಯ,

"ಸಾಕಾಯ್ತು, ನನ್ನ ಕೈಲಿ ಆಗಲ್ಲ" ಅಂತ ನೀನು ಕಳಿಸಿದ ಮೆಸೇಜ್ ನೋಡಿದೆ. ಅದಕ್ಕೆ ಒಂದು ಇಮೋಜಿ ಬೊಂಬೆ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಇದನ್ನು ನಿನ್ನ ಹೆಸರು ಹಾಕದೆ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೈಯಬೇಡ. ನಿನ್ನ ಹಾಗೇ ಒದ್ದಾಡುವವರು ಬೇಕಾದಷ್ಟು ಜನ ಇದ್ದಾರೆ.

ಮೊದಲ ವಾರ ಎರಡು ಕೆಜಿ ಇಳಿಯಿತು ಅಂತ ತೀರ್ಥಹಳ್ಳಿ ಪೂರ್ತಿ ಹೇಳಿಕೊಂಡು ಬಂದೆ. ಈಗ ತಿಂಗಳಿಗೆ ಒಂದು ಕೆಜಿ ಇಳಿದರೆ ಹೆಚ್ಚು ಅಂತ ಬೇಜಾರು. ಆದರೆ ಆ ಮೊದಲ ವಾರ ಹೋಗಿದ್ದರಲ್ಲಿ ಬಹುಪಾಲು ನೀರು ಕಣೋ. ಲಿವರ್‌ನಲ್ಲಿ, ಮಾಂಸಖಂಡಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಅನ್ನ ಕಡಿಮೆ ಮಾಡಿದ ಕೂಡಲೇ ದಾಸ್ತಾನು ಖಾಲಿ, ನೀರೂ ಖಾಲಿ. ಕೊಬ್ಬು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 250 ಉಳಿಸಿದರೂ ತಿಂಗಳಿಗೆ ಆಗುವುದು 7,500. ಅಂದರೆ ನೀನು ನಿಧಾನ ಅಂದುಕೊಂಡಿದ್ದು ನಿಜವಾಗಿ ಲೆಕ್ಕಕ್ಕೆ ಸರಿಯಾಗೇ ಇದೆ.

ಇನ್ನು ಸೋಮವಾರ ಬೆಳಿಗ್ಗೆ ಒಂದೂವರೆ ಕೆಜಿ ಏರಿತ್ತು ಅಂದೆಯಲ್ಲ. ಭಾನುವಾರ ಗೃಹಪ್ರವೇಶದ ಊಟ ಹೊಡೆದು ಬಂದಿದ್ದೆ ಅಲ್ವಾ? ಅಪ್ಪೆಮಿಡಿ, ಹಪ್ಪಳ, ಎಲ್ಲದರಲ್ಲೂ ಉಪ್ಪು. ಉಪ್ಪು ಮೈಯಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಂದೆರಡು ದಿನದಲ್ಲಿ ಬಿಡುತ್ತದೆ. ಒಂದೂವರೆ ಕೆಜಿ ಕೊಬ್ಬು ಒಂದೇ ದಿನ ಬೆಳೆಸಬೇಕಾದರೆ ಮಾಮೂಲಿ ಊಟದ ಮೇಲೆ 11,000 ಕ್ಯಾಲೊರಿಗಿಂತ ಜಾಸ್ತಿ ತಿನ್ನಬೇಕು. ನೀನು ಹೋಳಿಗೆ ತಿನ್ನುವುದನ್ನು ಕಣ್ಣಾರೆ ಕಂಡಿದ್ದೇನೆ, ಆದರೂ ಅಷ್ಟಾಗಲ್ಲ.

ಹಸಿವು ಮೊದಲಿಗಿಂತ ಜಾಸ್ತಿಯಾಗಿದೆ ಅಂತಲೂ ಬರೆದಿದ್ದೀಯ. ಅದು ನಿನ್ನ ಮನಸ್ಸಿನ ಸೋಲಲ್ಲ. ಕೊಬ್ಬು ಕರಗಿದ ಹಾಗೆ ಲೆಪ್ಟಿನ್ ಅನ್ನುವ ಹಾರ್ಮೋನು ಇಳಿಯುತ್ತದೆ, ಹಸಿವು ಏರುತ್ತದೆ. ಮೈ ಸಣ್ಣದಾದ ಮೇಲೆ ಅದು ಸುಡುವ ಕ್ಯಾಲೊರಿಯೂ ಕಡಿಮೆ. ಮೊದಲು ತೂಕ ಇಳಿಸಿದ ಅದೇ ಊಟ ಕೊನೆಗೆ ಅದನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಎಲ್ಲರಿಗೂ ಹೀಗೇ. ಇದರ ಮೇಲೆ ನಮ್ಮೂರ ಕಡೆಯವರ ಮಾತು ಬೇರೆ. ದಪ್ಪ ಇದ್ದಾಗ "ಸ್ವಲ್ಪ ಇಳಿಸೋ" ಅನ್ನುವವರೇ ಇಳಿದ ಮೇಲೆ "ಯಾಕೋ ಸೊರಗಿದ್ದೀಯ, ಶುಗರ್ ಬಂತಾ?" ಅನ್ನುತ್ತಾರೆ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ಶುಗರ್ ಅಂದಾಗ ನೆನಪಾಯಿತು. ನೀನು ಇದನ್ನೆಲ್ಲ ಶುರು ಮಾಡಿದ್ದೇ ಡಾಕ್ಟರು ಬಾರ್ಡರ್‌ನಲ್ಲಿದೆ ಅಂದಿದ್ದಕ್ಕೆ, ಚಂದ ಕಾಣಲಿಕ್ಕಲ್ಲ. ಹಾಗಿದ್ದ ಮೇಲೆ ಇದನ್ನು ಓದು. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ನಿನ್ನ ಹಾಗೇ ಅಂಚಿನಲ್ಲಿದ್ದ 531 ಜನರ ಮೇಲೆ ಒಂದು ಅಧ್ಯಯನ ಮಾಡಿತ್ತು, 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಊಟ, ನಡಿಗೆ ಬದಲಿಸಿಕೊಂಡ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ಆದರೂ ಏನೂ ಮಾಡದವರಿಗೆ ಹೋಲಿಸಿದರೆ ಅವರಿಗೆ ಡಯಾಬಿಟಿಸ್ ಬರುವ ಅಪಾಯ ಶೇಕಡಾ 28ರಷ್ಟು ಕಡಿಮೆಯಾಯಿತು. ಮುಳ್ಳು ಅಲ್ಲಾಡಲಿಲ್ಲ, ಒಳಗೆ ಕೆಲಸ ನಡೆದಿತ್ತು! ನಿನ್ನ ಮೈಯೊಳಗೆ ಏನು ನಡೆದಿದೆ ಅಂತ ಆ ತೂಕದ ಯಂತ್ರಕ್ಕೇನು ಗೊತ್ತು?

ಹಾಗಾಗಿ ಅದರ ಮೇಲೆ ದಿನಾ ಹತ್ತಿ ಮೂಡ್ ಹಾಳು ಮಾಡಿಕೊಳ್ಳಬೇಡ. ವಾರಕ್ಕೊಮ್ಮೆ ಸಾಕು. ಮನೆಯಲ್ಲಿ ಹೊಲಿಗೆಯ ಟೇಪ್ ಇದ್ದರೆ ಹೊಟ್ಟೆ ಸುತ್ತ ಅಳೆದು ಬರೆದಿಡು. ನಮ್ಮ ದೇಶದ ಗಂಡಸರಿಗೆ ಅದು 90 ಸೆಂ.ಮೀ. ಒಳಗಿರಬೇಕು ಅನ್ನುತ್ತಾರೆ. ಪ್ಯಾಂಟ್ ಸಡಿಲ ಆಗಿದೆ ಅಂತ ನೀನೇ ಅವತ್ತು ಹೇಳಿದ್ದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ ನೋಡು.

ಈ ಮಳೆಯಲ್ಲಿ ವಾಕಿಂಗ್ ಎಲ್ಲಿ ಹೋಗಲಿ ಅಂತೀಯ, ಅದು ನಿಜ. ನಮಗಾದರೆ ಇಲ್ಲಿ ಶಿವಮೊಗ್ಗದಲ್ಲಿ ಫ್ರೀಡಂ ಪಾರ್ಕ್ ಇದೆ, ಮಳೆ ಬಿಟ್ಟ ಕೂಡಲೇ ಎರಡು ಸುತ್ತು ಹಾಕಬಹುದು. ನಿನ್ನ ಕಡೆ ಮಳೆ ಬಿಟ್ಟರೂ ಇಂಬಳ (ಜಿಗಣೆ) ಬಿಡುವುದಿಲ್ಲ. ಜಗಲಿಯಲ್ಲೇ ಕುರ್ಚಿಯಿಂದ ಎದ್ದು ಕೂರುವುದನ್ನು ಕಾಲು ಸೋಲುವ ತನಕ ಮಾಡು, ತೂಕ ಇಳಿಸುವಾಗ ಮಾಂಸಖಂಡ ಕರಗಬಾರದು. ಆಮೇಲೆ ಆ ತೋಟಕ್ಕೆ ಬೈಕಲ್ಲಿ ಹೋಗುವುದನ್ನು ಮೊದಲು ಬಿಡು ಮಾರಾಯ, ಇರುವುದೇ ಒಂದು ಏರು, ಒಂದು ಇಳಿಜಾರು. ಕಡುಬು, ಅಕ್ಕಿ ರೊಟ್ಟಿ ಪೂರ್ತಿ ಬಿಡು ಅಂತ ನಾನು ಹೇಳುವುದಿಲ್ಲ. ಬಿಟ್ಟವರು ಆರು ತಿಂಗಳಾದ ಮೇಲೆ ಎರಡರಷ್ಟು ತಿನ್ನುವುದನ್ನು ನೋಡಿದ್ದೇನೆ. ನಾಲ್ಕು ರೊಟ್ಟಿ ತಿನ್ನುವಲ್ಲಿ ಎರಡು ತಿನ್ನು, ಜೊತೆಗೆ ಹೆಸರುಕಾಳಿನ ಪಲ್ಯ ದಂಡಿಯಾಗಿ ಹಾಕಿಸಿಕೋ.

ಡಾಕ್ಟರು ಹೇಳಿದ ಎಚ್‌ಬಿಎ1ಸಿ ಟೆಸ್ಟ್ ಮಾತ್ರ ತಪ್ಪಿಸಬೇಡ. ಅದು ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುತ್ತದೆ, ಹಿಂದಿನ ದಿನ ಉಪವಾಸ ಮಾಡಿ ಯಾಮಾರಿಸಲಿಕ್ಕೆ ಆಗುವುದಿಲ್ಲ. ಟೆಸ್ಟ್‌ಗೆ ಶಿವಮೊಗ್ಗಕ್ಕೆ ಬಂದಾಗ ಮಧ್ಯಾಹ್ನದ ಊಟಕ್ಕೆ ನಮ್ಮನೆಗೇ ಬಾ, ಒಂದೆಲಗದ ತಂಬುಳಿ ಮಾಡಿಸಿರುತ್ತೇನೆ. ಬಸ್‌ಸ್ಟ್ಯಾಂಡಿನಿಂದ ಆಟೋ ಹತ್ತಿದರೆ ಊಟ ಇಲ್ಲ.

ಇಂತಿ ನಿನ್ನ ಗೆಳೆಯ