ಅಪಿಚಾಟ್‌ಪಾಂಗ್ ಡಿಸ್ಕ್ ತರಿಸುವವರ ಗಮನಕ್ಕೆ

ಗೆಳೆಯರೇ, ಥಾಯ್ ನಿರ್ದೇಶಕ ಅಪಿಚಾಟ್‌ಪಾಂಗ್ ವೀರಸೇತಕುಲ್ ಸಿನಿಮಾಗಳನ್ನು ಡಿಸ್ಕ್‌ನಲ್ಲಿ ಕೊಳ್ಳುವ ಮುಂಚೆ ರೀಜನ್ ಕೋಡ್ (ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ಗೆ ಎಂಬ ಗುರುತು) ನೋಡಿಕೊಳ್ಳಿ. ಬ್ಲೂ-ರೇ ಡಿಸ್ಕ್‌ಗಳಲ್ಲಿ ಅಮೆರಿಕದ್ದು ಎ, ಬ್ರಿಟನ್ನಿನದು ಬಿ, ನಮ್ಮದು ಸಿ. ಕೋಡ್ ಲಾಕ್ ಆಗಿದ್ದರೆ ಇಲ್ಲಿನ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಸುಮ್ನೆ ದುಡ್ಡು ದಂಡ.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ನಾನು ಹೇಳುವುದು 2010ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದ 'ಅಂಕಲ್ ಬೂನ್‌ಮೀ'. ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ 'ಮಿಸ್ಟೀರಿಯಸ್ ಆಬ್ಜೆಕ್ಟ್ ಅಟ್ ನೂನ್' ಬಿಡಿಯಾಗಿ ಹುಡುಕಬೇಡಿ. ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್ 2017ರಲ್ಲಿ ತಂದ 'ವರ್ಲ್ಡ್ ಸಿನಿಮಾ ಪ್ರಾಜೆಕ್ಟ್' ಸರಣಿಯ ಎರಡನೇ ಬಾಕ್ಸ್ ಸೆಟ್‌ನಲ್ಲಿ ಅದಿದೆ, ಜೊತೆಗೆ ಇನ್ನೂ ಐದು ಚಿತ್ರ.

'ಮೆಮೋರಿಯಾ'ದ ಕಥೆಯೇ ಬೇರೆ. ಅಮೆರಿಕದ ವಿತರಕರು 2021ರಲ್ಲಿ ಡಿಸ್ಕೂ ಇಲ್ಲ, ಸ್ಟ್ರೀಮಿಂಗೂ ಇಲ್ಲ, ಥಿಯೇಟರ್ ಮಾತ್ರ ಎಂದರು. ಶಬ್ದವೇ ಜೀವಾಳವಾದ ಸಿನಿಮಾ ಅದು, ಹಾಗಾಗಿ ನನಗೆ ಸರಿ ಎನಿಸಿತು. ಉಳಿದವನ್ನೂ ಫೋನಿನಲ್ಲಿ ನೋಡಬೇಡಿ ದಯವಿಟ್ಟು. ಅವುಗಳಲ್ಲಿನ ಕಾಡಿನ ಸದ್ದು ಕೇಳಲು ಒಳ್ಳೆ ಸ್ಪೀಕರ್ ಬೇಕು.