ಲೈನ್ ಮನೆಯ ಮಗುವಿಗೂ ವಕೀಲರು ಬೇಕು

ಮಾನ್ಯರೇ,

ಕಾಫಿ ಕೊಯ್ಲು ಶುರುವಾದರೆ ಕೊಡಗಿನ ತೋಟಗಳ ಲೈನ್ ಮನೆಗಳಿಗೆ (ಕಾರ್ಮಿಕರ ಸಾಲು ಮನೆಗಳಿಗೆ) ಹೊರಗಿನ ಕಾರ್ಮಿಕರ ಜೊತೆ ಮಕ್ಕಳೂ ಬಂದಿಳಿಯುತ್ತಾರೆ. ದುಡಿಮೆಯಿಂದ ಬಿಡಿಸಿದ ಮಗುವಿನ ಪರ ಶುಲ್ಕವಿಲ್ಲದೆ ನಿಲ್ಲುವ ವಕೀಲರಿಗೆ ವಾದಕ್ಕಿಂತ ಕಾಗದ ಹುಡುಕುವುದೇ ದೊಡ್ಡ ಕೆಲಸ.

ಬಾಲ ನ್ಯಾಯ ಕಾಯ್ದೆ–2015ರಂತೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ‘ಇವತ್ತು ಸಮಿತಿ ಕೂರುವುದಿಲ್ಲ’ ಎನ್ನುವುದು ಬರೀ ನೆಪ. ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ನಡೆಯುತ್ತದೆ.

ಎಡವುವುದು ವಯಸ್ಸಿನ ದಾಖಲೆಯಲ್ಲಿ. ಎಲ್ಲರೂ ಆಧಾರ್ ಹಿಡಿದು ಬರುತ್ತಾರೆ. ವಯಸ್ಸು ನಿರ್ಧರಿಸುವ ಬಗ್ಗೆ ಹೇಳುವ, ಇದೇ ಕಾಯ್ದೆಯ 94ನೇ ಸೆಕ್ಷನ್ನಿನಲ್ಲಿ ಅದರ ಹೆಸರೇ ಇಲ್ಲ. ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿಯೋ ಪುರಸಭೆಯೋ ಕೊಟ್ಟ ಜನನ ಪತ್ರ. ಎರಡೂ ಸಿಗದಾಗ ಮಾತ್ರ ಮೂಳೆ ಪರೀಕ್ಷೆ. ಆತುರಕ್ಕೆ ಬಿದ್ದು ನೇರ ಅದಕ್ಕೇ ಕೈಹಾಕಿದರೆ, ವರದಿ ಒಂದೆರಡು ವರ್ಷ ಆಚೀಚೆ ಹೇಳುವುದರಿಂದ, ಕೇಸೇ ಸಡಿಲವಾಗುತ್ತದೆ. ಮಗುವಿನ ಊರಿನ ಶಾಲೆಯ ಹೆಡ್‌ಮಾಸ್ತರಿಗೆ ಮೊದಲ ದಿನವೇ ಫೋನ್ ಹೋಗಬೇಕು.

ಮಗುವಿನ ಮನೆ, ಕುಟುಂಬದ ಸ್ಥಿತಿ ತಿಳಿಯುವ ಸಾಮಾಜಿಕ ತನಿಖೆಗೆ ಇರುವುದು 15 ದಿನ. ಅಷ್ಟರಲ್ಲಿ ಕೊಯ್ಲು ಮುಗಿದು ತಂದೆ–ತಾಯಿ ಬೇರೆ ತೋಟಕ್ಕೆ ಹೋಗಿರುತ್ತಾರೆ. ತೋಟದ ವಿಳಾಸವೊಂದನ್ನೇ ಬರೆದುಕೊಂಡರೆ ಪ್ರಯೋಜನವಿಲ್ಲ; ಸ್ವಂತ ಊರು, ತಾಲ್ಲೂಕು, ಕಾರ್ಮಿಕರನ್ನು ಕರೆತಂದ ಮೇಸ್ತ್ರಿಯ ನಂಬರ್ ಬೇಕು. ಮಗುವಿನ ಭಾಷೆ ಬಲ್ಲವರೊಬ್ಬರೂ ಬೇಕು, ಮೇಸ್ತ್ರಿಯನ್ನೇ ದುಭಾಷಿ ಮಾಡುವುದು ಶುದ್ಧ ತಪ್ಪು.

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ–1987ರ 12ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ವರಮಾನ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಯುವ ವಕೀಲರು ಜಿಲ್ಲಾ ಪ್ರಾಧಿಕಾರದ ಪ್ಯಾನೆಲ್‌ಗೆ ಅರ್ಜಿ ಹಾಕಲಿ. ಗೌರವಧನ ಕಡಿಮೆಯೇ. ಮಗು ದುಡಿಯುವುದು ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

– ಓದುಗರು, ವಿರಾಜಪೇಟೆ