ಮನವಿ ಕಡತವಾಗುವ ಬಗೆ

ವಿಜಯಪುರ

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ದೇಣಿಗೆ ಕೂಡಿಸಿ ಸಣ್ಣ ಸಂಘಗಳಿಗೆ ಹಂಚುವ ಸಮುದಾಯ ಪ್ರತಿಷ್ಠಾನದಲ್ಲಿ ನೀತಿ ಮತ್ತು ಅಡ್ವೊಕಸಿ ವಿಭಾಗದ, ಅಂದರೆ ಜನರ ಪರವಾಗಿ ಸರ್ಕಾರದ ಮುಂದೆ ಬೇಡಿಕೆ ಮಂಡಿಸುವ ವಿಭಾಗದ, ಹೊಣೆಯನ್ನು ನಿನಗೆ ವಹಿಸಿದ್ದಾರೆಂದು ಅಣ್ಣ ಫೋನಿನಲ್ಲಿ ಹೇಳಿದ. ಅದೆಂಥ ನೌಕರಿಯೆಂಬುದು ವೈನಿಗೆ ಇನ್ನೂ ತಿಳಿದಂತಿಲ್ಲ. ಕಬ್ಬು ಕಡಿಯಲು ಹೋಗುವ ಕುಟುಂಬಗಳ ಮಕ್ಕಳಿಗೆ ಶಾಲೆ ತಪ್ಪುವ ವಿಷಯವನ್ನೇ ಮೊದಲ ವರ್ಷದ ಕೆಲಸವಾಗಿ ಆರಿಸಿಕೊಂಡಿರುವೆಯೆಂದು ನಿನ್ನ ಕಾಗದದಿಂದ ತಿಳಿಯಿತು. ಜಿಲ್ಲಾ ಪಂಚಾಯತ್ ಕಚೇರಿಯಲ್ಲಿ ಮನವಿಗಳನ್ನು ತೆಗೆದುಕೊಳ್ಳುವ ಕಡೆ ಕುಳಿತು ಸೇವೆ ಮುಗಿಸಿದವನು ನಾನು. ಕೊಡುವ ಕಡೆ ನಿಂತಿರುವ ನಿನಗೆ ಅಲ್ಲಿಯ ಒಳಗಿನ ಸಂಗತಿಗಳನ್ನು ತಿಳಿಸುವುದು ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನೀವು ಕೊಟ್ಟ ಕಾಗದಕ್ಕೆ ಟಪಾಲು ಶಾಖೆಯಲ್ಲಿ ಮೊಹರು ಒತ್ತಿ ಆವಕ ಸಂಖ್ಯೆ ಹಾಕುತ್ತಾರೆ. ಸಾಹೇಬರು ಅದರ ಮೂಲೆಯಲ್ಲಿ ‘ಪರಿಶೀಲಿಸಿ ನಿಯಮಾನುಸಾರ ಕ್ರಮ ವಹಿಸಿ’ ಎಂದು ಷರಾ ಬರೆಯುತ್ತಾರೆ. ಆಮೇಲೆ ಅದು ಆ ವಿಷಯದ ಕಡತ ನೋಡಿಕೊಳ್ಳುವ ಗುಮಾಸ್ತನ, ಅಂದರೆ ವಿಷಯ ನಿರ್ವಾಹಕನ ಮೇಜಿಗೆ ಬರುತ್ತದೆ, ನಿನ್ನ ಮನವಿಯನ್ನು ನಿಜವಾಗಿ ಓದುವವನು ಅವನೇ. ಯಾವ ಕಾಯ್ದೆ ಅಥವಾ ಸುತ್ತೋಲೆಯ ಪ್ರಕಾರ ಇದನ್ನು ಮಾಡಲು ಬರುತ್ತದೆ, ಯಾವ ಲೆಕ್ಕ ಶೀರ್ಷಿಕೆಯಿಂದ ಹಣ ತೆಗೆಯಬೇಕು, ಮಂಜೂರು ಮಾಡುವ ಅಧಿಕಾರ ಯಾರಿಗಿದೆ ಎಂಬುದನ್ನಷ್ಟೇ ಅವನು ಹುಡುಕುತ್ತಾನೆ. ಇವು ನಿಮ್ಮ ಕಾಗದದಲ್ಲಿಯೇ ಇದ್ದರೆ ಎತ್ತಿ ಟಿಪ್ಪಣಿ ಹಾಳೆಗೆ ಇಳಿಸುತ್ತಾನೆ. ಇಲ್ಲದಿದ್ದರೆ ‘ಸದರಿ ವಿಷಯವನ್ನು ಮೇಲಧಿಕಾರಿಗಳ ಗಮನಕ್ಕೆ ತರಲಾಗುವುದು’ ಎಂಬ ಹಿಂಬರಹವೊಂದು ನಿಮ್ಮ ಕೈಸೇರಿ ಕಡತ ಮುಕ್ತಾಯವಾಗುತ್ತದೆ. ಅಂಥ ಹಿಂಬರಹ ಬರೆಯುವುದರಲ್ಲಿ ನಾವು ಎಷ್ಟು ಪಳಗಿದ್ದೆವೆಂದರೆ, ಎಷ್ಟೋ ಅರ್ಜಿದಾರರು ಅದನ್ನೇ ಮಂಜೂರಾತಿಯೆಂದು ತಿಳಿದು ಕೈಮುಗಿದು ಹೋಗುತ್ತಿದ್ದರು.

ಆದ್ದರಿಂದ ‘ವಲಸೆ ಕಾರ್ಮಿಕರ ಮಕ್ಕಳಿಗೆ ನ್ಯಾಯ ದೊರಕಿಸಬೇಕು’ ಎಂದು ಬರೆಯಬೇಡ; ಆ ಮಾತನ್ನು ತೆಗೆದುಕೊಳ್ಳುವ ಮೇಜು ಯಾವ ಕಚೇರಿಯಲ್ಲಿಯೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಪ್ರಕರಣವು ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವ ಕರ್ತವ್ಯವನ್ನು ಸ್ಥಳೀಯ ಪ್ರಾಧಿಕಾರಕ್ಕೆ ಒಪ್ಪಿಸಿದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದೊಳಗಿನ ಮಕ್ಕಳ ದಾಖಲೆ ಇಡುವುದೂ ಅದರದೇ ಕೆಲಸ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲವೆಂದು 5ನೇ ಪ್ರಕರಣ ಹೇಳುತ್ತದೆ. ಇವುಗಳ ಮೇಲೆ ನಿಲ್ಲಿಸಿ ನಿನ್ನ ಬೇಡಿಕೆಯನ್ನು ಕಟ್ಟು. ಲಂಬಾಣಿಗರ ಟಾಂಡಾದಿಂದ ಕಬ್ಬು ಕಡಿಯುವ ಗ್ಯಾಂಗ್ ಹೊರಡುವ ಮೊದಲೇ ಮಕ್ಕಳ ಪಟ್ಟಿ ಯಾರು ಮಾಡಬೇಕು, ಅಜ್ಜ–ಅಜ್ಜಿಯರ ಹತ್ತಿರ ಊರಲ್ಲಿಯೇ ಉಳಿಯುವ ಮಕ್ಕಳಿಗೆ ಕಬ್ಬು ನುರಿಸುವ ಹಂಗಾಮು ಮುಗಿಯುವವರೆಗೆ ವಸತಿಯ ಏರ್ಪಾಡು ಎಲ್ಲಿ ಆಗಬೇಕು, ತಂದೆ–ತಾಯಿಯ ಸಂಗಡ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳ ಕಡೆಗೆ ಹೋದ ಮಕ್ಕಳನ್ನು ಅಲ್ಲಿಯ ಶಾಲೆ ಯಾವ ಕಾಗದದ ಮೇಲೆ ಸೇರಿಸಿಕೊಳ್ಳಬೇಕು, ಇಷ್ಟನ್ನು ಒಂದೊಂದಾಗಿ ಬಿಡಿಸಿ ಬರೆ. ಮಹಾರಾಷ್ಟ್ರಕ್ಕೆ ಹೋಗುವ ಮಕ್ಕಳ ಪ್ರಶ್ನೆ ಬೇರೆ: ಅಲ್ಲಿ ಮರಾಠಿ ಮಾಧ್ಯಮದ ತೊಡಕೂ, ಎರಡು ರಾಜ್ಯಗಳ ಪತ್ರವ್ಯವಹಾರದ ತೊಡಕೂ ಇರುವುದರಿಂದ ಅದನ್ನು ಇದೇ ಮನವಿಯಲ್ಲಿ ಬೆರೆಸಿದರೆ ಸುಲಭವಾಗಿ ಆಗಬಹುದಾದ ಕೆಲಸವೂ ಅದರ ಜೊತೆ ನಿಂತುಹೋಗುತ್ತದೆ.

ಇನ್ನು ಅಂಕಿ–ಸಂಖ್ಯೆಯ ವಿಷಯ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಬಂದ ಬಗೆಯನ್ನು ನೀನು ಒಮ್ಮೆ ಕುಳಿತು ಅಭ್ಯಾಸ ಮಾಡಬೇಕು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆಗೆ ನಮ್ಮ ವಿಜಯಪುರದಲ್ಲಿಯೂ ಅದನ್ನು ಪ್ರಾಯೋಗಿಕವಾಗಿ ಆರಂಭಿಸಿದರು. ಒಲ್ಲದ ಮಕ್ಕಳಿಗೆ ಬಾಳೆಹಣ್ಣು. ಮಠಾಧೀಶರಲ್ಲಿ ಹಲವರು ವಿರೋಧಿಸಿದರು, ಪತ್ರಿಕೆಗಳಲ್ಲಿ ಪರ–ವಿರೋಧದ ಚರ್ಚೆ ನಡೆಯಿತು. ಆ ಗದ್ದಲದ ನಡುವೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು, ಮೊಟ್ಟೆ ತಿನ್ನುತ್ತಿದ್ದ ಯಾದಗಿರಿಯ ಮಕ್ಕಳನ್ನು ಮೊಟ್ಟೆಯಿಲ್ಲದ ಗದಗಿನ ಮಕ್ಕಳೊಂದಿಗೆ ತೂಗಿ ಹೋಲಿಸಿ, ತೂಕ ಹೆಚ್ಚಿದ್ದನ್ನು ವರದಿಯಾಗಿ ಸರ್ಕಾರದ ಮುಂದಿಟ್ಟರು. ಮುಂದಿನ ಶೈಕ್ಷಣಿಕ ವರ್ಷದಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಹರಡಿತು. ವಾರಕ್ಕೆ ಎರಡು ದಿನವೆಂದು ಸರ್ಕಾರ ಗೊತ್ತುಮಾಡಿದ ಮೇಲೆ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡುವುದಾಗಿ ಒಪ್ಪಿ ಉಳಿದ ನಾಲ್ಕು ದಿನಗಳ ಖರ್ಚನ್ನು ಹೊತ್ತುಕೊಂಡಿತು. ಇದರಲ್ಲಿ ನೀನು ಗಮನಿಸಬೇಕಾದದ್ದು ಅನುಕ್ರಮವನ್ನು: ಸರ್ಕಾರದ ಆದೇಶ ಮೊದಲು ಆಯಿತು, ಅಳತೆ ಆಮೇಲೆ, ದಾನಿಯ ಹಣ ಕೊನೆಗೆ. ಹಣವನ್ನು ಮೊದಲು ಸುರಿದಿದ್ದರೆ ಅದು ದಾನವಾಗಿಯೇ ಉಳಿದು, ಕೊಡುವವರ ಕೈ ಸೋತ ವರ್ಷ ನಿಂತುಹೋಗುತ್ತಿತ್ತೆಂದು ನನ್ನ ಅಂದಾಜು.

ಅಷ್ಟು ದೊಡ್ಡ ಮೊತ್ತ ನಿಮ್ಮ ಪ್ರತಿಷ್ಠಾನದ ಹತ್ತಿರ ಎಂದಿಗೂ ಇರುವುದಿಲ್ಲ. ನಿಮ್ಮಲ್ಲಿ ಇರಬಹುದಾದದ್ದು ನೀವೇ ಎಣಿಸಿದ ಲೆಕ್ಕ. ನಾಲ್ಕೈದು ಟಾಂಡಾಗಳ ಶಾಲಾ ಹಾಜರಿ ಪುಸ್ತಕಗಳನ್ನು ಮುಖ್ಯಾಧ್ಯಾಪಕರ ಅನುಮತಿಯಿಂದ ನೋಡಿ, ದಸರೆಯ ಮೊದಲಿನ ತಿಂಗಳ ಹಾಜರಿಯನ್ನು ಸಂಕ್ರಾಂತಿಯ ಹೊತ್ತಿನ ಹಾಜರಿಯ ಎದುರಿಗೆ ಇಟ್ಟರೆ ಸಾಕು. ಒಂದು ಎಚ್ಚರಿಕೆ ಹೇಳುತ್ತೇನೆ: ಪುಸ್ತಕದಲ್ಲಿ ಹಾಜರಿ ಹಾಕಿದ್ದರೂ ಮಗು ಊರಲ್ಲಿ ಇರದೆ ಇರಬಹುದು, ಏಕೆಂದರೆ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆಗೇ ಸಂಚಕಾರವೆಂಬ ಭಯ ಶಾಲೆಗಳಿಗೆ ಇರುತ್ತದೆ. ಆ ಶಿಕ್ಷಕರನ್ನು ಸಿಕ್ಕಿಸುವ ರೀತಿಯಲ್ಲಿ ಲೆಕ್ಕವನ್ನು ಪ್ರಕಟಿಸಬೇಡ. ನಾಳೆ ಅವರೇ ನಿನಗೆ ಸಾಕ್ಷಿಯಾಗಬೇಕಾದವರು. ಯಾವ ಅಂಕಿಯನ್ನು ನೀವು ಕಣ್ಣಾರೆ ಕಂಡಿಲ್ಲವೋ ಅದನ್ನು ಬಾಯಿಗೆ ತರಲೇಬೇಡ. ಒಂದು ತಪ್ಪು ಸಂಖ್ಯೆ ಸಭೆಯಲ್ಲಿ ಸಿಕ್ಕಿಬಿದ್ದರೆ, ಉಳಿದ ಹತ್ತು ಸರಿಯಾದ ಸಂಖ್ಯೆಗಳನ್ನು ಓದುವ ಕಷ್ಟವನ್ನು ಯಾವ ಅಧಿಕಾರಿಯೂ ತೆಗೆದುಕೊಳ್ಳುವುದಿಲ್ಲ.

ಹೊತ್ತು ನೋಡಿ ಹೋಗಬೇಕು. ಬಜೆಟ್ ಮಂಡನೆ ಬಹುತೇಕ ಫೆಬ್ರುವರಿ–ಮಾರ್ಚಿನಲ್ಲಿ ಆದರೂ ಇಲಾಖೆಗಳ ಬೇಡಿಕೆಗಳು ತಿಂಗಳುಗಟ್ಟಲೆ ಮೊದಲೇ ತಯಾರಾಗುತ್ತವೆ. ಫೆಬ್ರುವರಿಯಲ್ಲಿ ಶಾಲು ಹೊದಿಸಿ ಕೊಟ್ಟ ಮನವಿ ಮುಂದಿನ ವರ್ಷದ್ದಾಗುತ್ತದೆ. ಅದೃಷ್ಟಕ್ಕೆ ನಿನ್ನ ವಿಷಯಕ್ಕೆ ಒಂದು ಅನುಕೂಲವಿದೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ಡಿಸೆಂಬರ್ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಕಬ್ಬಿನ ಕಟಾವು ಭರದಿಂದ ಸಾಗಿರುತ್ತದೆ. ಶಾಸಕರ ಕಾರುಗಳು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆಯೇ ಬರಬೇಕಾಗುತ್ತದೆ. ಆದರೂ ಸೌಧದ ಹತ್ತಿರ ಕೊಂಡಸಕೊಪ್ಪದಲ್ಲಿ ಪ್ರತಿಭಟನೆಗೆ ಹಾಕುವ ಟೆಂಟುಗಳ ಸಾಲಿನಲ್ಲಿ ನೀವೂ ಒಂದು ಟೆಂಟು ಹಾಕುವುದು ನನಗೆ ಸರಿಕಾಣುವುದಿಲ್ಲ. ಅಲ್ಲಿ ಕೂಡುವ ರೈತರಿಗೂ ಅಂಗನವಾಡಿಯ ತಾಯಂದಿರಿಗೂ ಸಂಘಟನೆಯ ಬಲವಿದೆ, ಮಂತ್ರಿಗಳು ಟೆಂಟಿಗೇ ಬಂದು ಮನವಿ ತೆಗೆದುಕೊಳ್ಳುತ್ತಾರೆ. ನಿಮ್ಮ ಬಲ ಬೇರೆ ಕಡೆಗಿದೆ. ಅಧಿವೇಶನಕ್ಕೆ ಸಾಕಷ್ಟು ಮುಂಚೆ ಒಬ್ಬ ಸದಸ್ಯರಿಗೆ ವಿಷಯವನ್ನು ಒಂದೇ ಪುಟದಲ್ಲಿ ತಿಳಿಸಿ, ಅವರಿಂದ ಪ್ರಶ್ನೆ ಕೇಳಿಸಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ, ಅದಕ್ಕಾಗಿ ಇಲಾಖೆಯವರು ಜಿಲ್ಲೆಗಳಿಂದ ಮಾಹಿತಿ ತರಿಸಲೇಬೇಕಾಗುತ್ತದೆ. ನನಗೆ ಈ ಎರಡನೆಯದರ ಮೇಲೆಯೇ ಹೆಚ್ಚು ಭರವಸೆ. ವಿಧಾನ ಪರಿಷತ್ತಿನ ವಾಯವ್ಯ ಶಿಕ್ಷಕರ ಕ್ಷೇತ್ರದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳು ಸೇರಿವೆಯೆಂಬುದನ್ನೂ ಮರೆಯಬೇಡ. ಮಂತ್ರಿಗಳು ‘ಕ್ರಮ ಕೈಗೊಳ್ಳುತ್ತೇವೆ’ ಎಂದು ಸದನದಲ್ಲಿ ಹೇಳಿದರೆ ಆ ಮಾತನ್ನು ಬೆನ್ನುಹತ್ತಲು ಭರವಸೆಗಳ ಸಮಿತಿಯಿದೆ.

ಒಂದೇ ಪುಟವನ್ನು ಎಲ್ಲ ಪಕ್ಷದವರಿಗೂ ಒಂದೇ ವಾರದಲ್ಲಿ ಕೊಡು. ಚುನಾವಣೆ ಸಮೀಪಿಸಿದಾಗ ಯಾರ ವೇದಿಕೆಯನ್ನೂ ಏರಬೇಡ, ಯಾರನ್ನೂ ನಿಮ್ಮ ವೇದಿಕೆಗೆ ಏರಿಸಬೇಡ. ಇದಕ್ಕೆ ಹೆಚ್ಚಿನ ವಿವರಣೆ ನಿನಗೆ ಬೇಕಿಲ್ಲ.

ನೀನು ಓದುತ್ತಿರುವ ಅಮೆರಿಕದ ಕೈಪಿಡಿಯ ಬಗ್ಗೆ ಕೇಳಿದ್ದೆ. 1914ರಲ್ಲಿ ಕ್ಲೀವ್‌ಲ್ಯಾಂಡ್ ಪಟ್ಟಣದಲ್ಲಿ ಮೊದಲ ಸಮುದಾಯ ಪ್ರತಿಷ್ಠಾನ ಹುಟ್ಟಿದ ದೇಶವದು. ಅಲ್ಲಿ ಇಂಥ ಸಂಸ್ಥೆಗಳು ಕಾನೂನು ಬದಲಾವಣೆಗಾಗಿ ಎಷ್ಟು ಖರ್ಚು ಮಾಡಬಹುದೆಂಬುದಕ್ಕೆ 1976ರ ಕಾನೂನಿನಲ್ಲಿ ಅಳತೆಯೇ ಇದೆ, ಚುನಾವಣಾ ಪ್ರಚಾರಕ್ಕೆ ಪೂರ್ಣ ನಿಷೇಧವಿದೆ. ನಮ್ಮಲ್ಲಿ ಅಂಥ ಅಳತೆಗೋಲಿಲ್ಲ. ಆದಾಯ ತೆರಿಗೆಯ ವಿನಾಯಿತಿ ಧರ್ಮಾರ್ಥ ಉದ್ದೇಶಕ್ಕೆ ಸಿಗುತ್ತದೆ, ರಾಜಕೀಯ ಉದ್ದೇಶಕ್ಕೆ ಸಿಗುವುದಿಲ್ಲ. ನಡುವಿನ ಗೆರೆಯನ್ನು ನಿಮ್ಮ ಟ್ರಸ್ಟ್ ಡೀಡ್ ಮತ್ತು ಠರಾವು ಪುಸ್ತಕ ನೋಡಿಯೇ ಎಳೆಯುತ್ತಾರೆ. ವಿದೇಶದಿಂದ ಬರುವ ಹಣದಲ್ಲಿ ವಿಶೇಷ ಜಾಗ್ರತೆ ಬೇಕು. ಹೊರದೇಶದಲ್ಲಿರುವ ನಮ್ಮ ಊರವರು ಭಾರತದ ಪೌರತ್ವ ಉಳಿಸಿಕೊಂಡಿದ್ದು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಅಲ್ಲಿಯ ಪೌರತ್ವ ಪಡೆದವರು ಕೊಟ್ಟರೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ವಂತಿಗೆಯೇ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ತರುವಾಯ ಅಂಥ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ಸಣ್ಣ ಸಂಘಗಳಿಗೆ ಹಣ ಹಂಚುವುದೇ ನಿಮ್ಮ ಮುಖ್ಯ ಕೆಲಸವಾದ್ದರಿಂದ ಈ ನಿಯಮ ನಿಮಗೆ ಬಿಗಿಯಾಗುತ್ತದೆ.

ಇದಕ್ಕಿಂತ ಕಠಿಣವಾದ ಸಂಗತಿ ಮನೆಯೊಳಗಿನದು. ಈ ಭಾಗದಲ್ಲಿ ದಾನಿಗಳ ಪಟ್ಟಿ ಮಾಡಿದರೆ ಸಕ್ಕರೆ ಕಾರ್ಖಾನೆಗಳಿಗೆ ಸಂಬಂಧಪಟ್ಟವರ ಹೆಸರು ಬರದೆ ಇರುವುದಿಲ್ಲ. ನಿಮ್ಮ ಟ್ರಸ್ಟಿಗಳಲ್ಲಿಯೂ ಅಂಥವರು ಇರಬಹುದು. ಕಟಾವಿಗೆ ಬರುವ ಮಕ್ಕಳ ಪ್ರಶ್ನೆ ಎತ್ತಿದರೆ ಒಂದಲ್ಲ ಒಂದು ದಿನ ಕಾರ್ಖಾನೆ, ಕೂಲಿಯವರನ್ನು ಕರೆದೊಯ್ಯುವ ಮುಕಾದಮ, ಮುಂಗಡ ಹಣದ ಮಾತು ಬಂದೇ ಬರುತ್ತದೆ. ಆ ದಿನ ನಿನ್ನನ್ನು ಒಳಗೆ ಕರೆದು, ‘ಈ ವರ್ಷ ಇಷ್ಟಕ್ಕೇ ಬಿಡಮ್ಮ’ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಪ್ರೀತಿಯಿಂದ ಹೇಳಿದ್ದನ್ನು ನಿರಾಕರಿಸುವುದು ಬೈಸಿಕೊಂಡು ನಿಲ್ಲುವುದಕ್ಕಿಂತ ಕಷ್ಟ. ಅದಕ್ಕಾಗಿ ಯಾವ ಜಗಳವೂ ಇಲ್ಲದ ಈಗಲೇ ಟ್ರಸ್ಟಿಗಳ ಸಭೆಯಲ್ಲಿ ಒಂದು ಠರಾವು ಮಾಡಿಸಿಕೊ: ಯಾವ ವಿಷಯಗಳಲ್ಲಿ ಪ್ರತಿಷ್ಠಾನ ಸರ್ಕಾರದೊಂದಿಗೆ ಮಾತನಾಡುತ್ತದೆ, ನಿಲುವನ್ನು ಯಾರು ಅಂತಿಮಗೊಳಿಸುತ್ತಾರೆ, ತಮ್ಮ ವ್ಯವಹಾರಕ್ಕೆ ಸಂಬಂಧಿಸಿದ ವಿಷಯ ಬಂದಾಗ ಆ ಟ್ರಸ್ಟಿ ಚರ್ಚೆಯಿಂದ ಹೊರಗಿರುತ್ತಾರೆ, ದಾನಿಗಳ ಹೆಸರು ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ. ಕಾರ್ಖಾನೆಯವರನ್ನು ವೈರಿಗಳೆಂದು ಎಣಿಸಬೇಕಾಗಿಲ್ಲ. ಕಟಾವಿನ ಜೋಪಡಿಗಳು ಎಲ್ಲೆಲ್ಲಿ ಬೀಳುತ್ತವೆಂಬುದು ಅವರ ಶೇತ್ಕಿ (ಕೃಷಿ) ವಿಭಾಗದವರಿಗೆ ಗೊತ್ತಿರುತ್ತದೆ. ಆ ಮಾಹಿತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಕೊಡುವಂತೆ ಒಪ್ಪಿಸಿದರೆ ಅದೇ ದೊಡ್ಡ ಉಪಕಾರ. ಅವರ ದೇಣಿಗೆಯಿಂದ ಇದೇ ಮಕ್ಕಳಿಗೆ ಬ್ಯಾಗು, ಸ್ವೆಟರು ಹಂಚಿ ಫೋಟೊ ತೆಗೆಸುವುದು ಮಾತ್ರ ಬೇಡ.

ಮನವಿಯ ಕೆಳಗೆ ನಿಮ್ಮ ಪ್ರತಿಷ್ಠಾನದ ಸಹಿ ಮೊದಲು ಬರದಿರಲಿ. ಗ್ರಾಮಸಭೆಯ ಠರಾವು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ನಡಾವಳಿ ಮೇಲೆ, ನಿಮ್ಮ ಲೆಕ್ಕ ಅದರ ಕೆಳಗೆ ಲಗತ್ತಾಗಿ ಹೋಗಲಿ. ದೀಪಾವಳಿಯ ಹೊತ್ತಿಗೆ ಗ್ಯಾಂಗುಗಳು ಹೊರಟುಬಿಡುವುದರಿಂದ ಅದಕ್ಕಿಂತ ಮೊದಲು ಗ್ರಾಮಸಭೆ ಆಗುವಂತೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳು. ಜನ ಊರಲ್ಲಿಲ್ಲದಾಗ ಮಾಡಿದ ಠರಾವಿನಲ್ಲಿ ಅವರ ಮಾತು ಇರುವುದಿಲ್ಲ. ಜಿಲ್ಲಾಧಿಕಾರಿಗಳ ಎದುರು ಟಾಂಡಾದ ತಾಯಿಯೊಬ್ಬಳು ಮಾತನಾಡುವಾಗ ನೀನು ನಡುವೆ ಬಾಯಿ ಹಾಕಿ ಅದನ್ನು ಶುದ್ಧ ಭಾಷೆಗೆ ತಿರುಗಿಸಬೇಡ.

ಆದೇಶ ಬಂದಿತೆನ್ನು. ಸಂಭ್ರಮದ ಪತ್ರಿಕಾಗೋಷ್ಠಿಗೆ ಮೊದಲು ಅದರ ಪ್ರತಿಯನ್ನು ಹಿಡಿದು ಒಂದು ಟಾಂಡಾದ ಶಾಲೆಗೆ ಹೋಗಿ, ಮುಖ್ಯಾಧ್ಯಾಪಕರಿಗೆ ಇದು ತಲುಪಿದೆಯೇ ಎಂದು ಕೇಳು. ಬಿಇಒ ಕಚೇರಿಯಿಂದ ಕೆಳಗೆ ಇಳಿಯದ ಆದೇಶಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹಣ ಬಿಡುಗಡೆಯಾಗಿದೆಯೋ ಇಲ್ಲವೋ ಎಂದು ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕು, 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಆದರೆ ಅದನ್ನು ಮೊದಲ ಹೆಜ್ಜೆಯಾಗಿ ಮಾಡಬೇಡ, ಫೋನ್ ಎತ್ತುತ್ತಿದ್ದ ಅಧಿಕಾರಿ ಆಮೇಲೆ ಎತ್ತುವುದಿಲ್ಲ.

ನಿನ್ನ ಮನವಿಯ ಕರಡನ್ನು ಟಪಾಲಿಗೆ ಕೊಡುವ ಮೊದಲು ನನಗೊಮ್ಮೆ ಕಳಿಸು. ಎಡಗಡೆ ಅಂಚು ಅಗಲವಾಗಿ ಬಿಡು, ಷರಾ ಬರೆಯುವ ಚಾಳಿ ನನಗಿನ್ನೂ ಹೋಗಿಲ್ಲ. ಅಣ್ಣನಿಗೂ ವೈನಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ
ಕಾಕಾ